ಏಳನೇ ಕ್ಲಾಸಿನ ಗಣಿತದ ಸಾಲು ನೋಡಿ ಮನೆ ಹಿಡಿಯಬೇಡಿ

ಪ್ರಶ್ನೆ: ನಾವಿರುವುದು ಅಮೆರಿಕದ ವರ್ಜೀನಿಯಾ ರಾಜ್ಯದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ. ಮಗಳು ಆರನೇ ಕ್ಲಾಸು, ಆಗಸ್ಟ್‌ಗೆ ಮಿಡ್ಲ್ ಸ್ಕೂಲ್ ಸೇರಬೇಕು. ಬಾಡಿಗೆಗೆ ಎರಡು ಮನೆ ನೋಡಿದ್ದೇವೆ, ಎರಡೂ ಬೇರೆ ಬೇರೆ ಸ್ಕೂಲಿನ ವ್ಯಾಪ್ತಿಗೆ ಬರುತ್ತವೆ. ಮನೆ ಹುಡುಕುವ ಆ್ಯಪ್‌ನಲ್ಲಿ ಒಂದು ಸ್ಕೂಲಿಗೆ ಹತ್ತಕ್ಕೆ 8, ಇನ್ನೊಂದಕ್ಕೆ 6 ಕೊಟ್ಟಿದ್ದಾರೆ. ಆದರೆ ರಾಜ್ಯದ ಅಂಕಿಅಂಶದಲ್ಲಿ ಏಳನೇ ಕ್ಲಾಸಿನ ಗಣಿತಕ್ಕೆ 6ರ ಸ್ಕೂಲೇ ಮುಂದಿದೆ. ಯಾವುದನ್ನು ನಂಬುವುದು?

ಉತ್ತರ: ಎರಡನ್ನೂ ಹಾಗೇ ನಂಬಬೇಡಿ. ಅದರಲ್ಲೂ ರಾಜ್ಯದ ಫಲಿತಾಂಶ ಪಟ್ಟಿಯ ಏಳನೇ ಕ್ಲಾಸಿನ ಗಣಿತದ ಸಾಲು ದಾರಿ ತಪ್ಪಿಸುವುದರಲ್ಲಿ ನಂಬರ್ ಒನ್. ಕಾರಣ ಇಷ್ಟು: ನಿಮ್ಮ ಕೌಂಟಿಯ ಬಹುಪಾಲು ಮಿಡ್ಲ್ ಸ್ಕೂಲ್‌ಗಳಲ್ಲಿ ಇರುವುದು 7 ಮತ್ತು 8ನೇ ಕ್ಲಾಸು ಮಾತ್ರ. (ಗ್ಲ್ಯಾಸ್ಗೋ, ಹೋಮ್ಸ್, ಪೋ ಸ್ಕೂಲ್‌ಗಳಲ್ಲಿ ಆರನೆಯದೂ ಇದೆ.) ರಾಜ್ಯದ ಎಸ್‌ಓಎಲ್ (ಸ್ಟ್ಯಾಂಡರ್ಡ್ಸ್ ಆಫ್ ಲರ್ನಿಂಗ್) ಪರೀಕ್ಷೆಯನ್ನು ಮಗು ಯಾವ ಗಣಿತ ಕಲಿಯುತ್ತಿದೆಯೋ ಅದರ ಮೇಲೆ ಬರೆಸುತ್ತಾರೆ, ಕೂತಿರುವ ಕ್ಲಾಸಿನ ಮೇಲಲ್ಲ. ಗಣಿತದಲ್ಲಿ ಮುಂದಿರುವ ಮಕ್ಕಳು ಏಳನೇ ಕ್ಲಾಸಿನ ಪರೀಕ್ಷೆಯನ್ನು ಆರರಲ್ಲೇ, ಎಲಿಮೆಂಟರಿಯಲ್ಲೇ ಬರೆದು ಬಂದಿರುತ್ತಾರೆ. ಏಳರಲ್ಲಿ ‘ಮ್ಯಾಥ್ 7 ಆನರ್ಸ್’ (ಸಾಮಾನ್ಯಕ್ಕಿಂತ ಮೇಲಿನ ಮಟ್ಟದ ಕ್ಲಾಸು) ತೆಗೆದುಕೊಂಡವರು ಎಂಟನೇ ಕ್ಲಾಸಿನ ಪರೀಕ್ಷೆಗೂ, ಆಲ್ಜೀಬ್ರಾ 1 ತೆಗೆದುಕೊಂಡವರು ಆಲ್ಜೀಬ್ರಾ ಪರೀಕ್ಷೆಗೂ ಕೂರುತ್ತಾರೆ. ಆ ಸಾಲಿನಲ್ಲಿ ಉಳಿಯುವುದು ಸಾಮಾನ್ಯ ಮ್ಯಾಥ್ 7ರ ಮಕ್ಕಳು ಮಾತ್ರ.

ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಎರಡೂ ಸ್ಕೂಲಿನಲ್ಲಿ ಏಳನೇ ಕ್ಲಾಸಿಗೆ 400 ಮಕ್ಕಳು. ಮೊದಲನೆಯದರಲ್ಲಿ 280 ಮಕ್ಕಳು ಮೇಲಿನ ಗಣಿತದಲ್ಲಿದ್ದಾರೆ. ಉಳಿದ 120 ಮಕ್ಕಳಲ್ಲಿ 66 ಪಾಸು, ಅಂದರೆ ಶೇ 55. ಎರಡನೆಯದರಲ್ಲಿ ಮೇಲಿನ ಗಣಿತಕ್ಕೆ ಹೋದವರು 120 ಮಕ್ಕಳು. ಉಳಿದ 280ರಲ್ಲಿ 196 ಪಾಸು, ಶೇ 70. ಪಟ್ಟಿಯಲ್ಲಿ ಎರಡನೆಯದೇ ಮೇಲೆ ಕಾಣುತ್ತದೆ. ಪಾಠ ಎಲ್ಲಿ ಚೆನ್ನಾಗಿದೆ ಅನ್ನುವುದಕ್ಕೆ ಇದರಲ್ಲಿ ಉತ್ತರವೇ ಇಲ್ಲ.

ಹಾಗಾಗಿ ಶೇಕಡಾವಾರಿನ ಪಕ್ಕದಲ್ಲಿ ಬರೆದವರ ಸಂಖ್ಯೆಯೂ ಇರಬೇಕು. ರಾಜ್ಯ ಶಿಕ್ಷಣ ಇಲಾಖೆಯ ಜಾಲತಾಣದಲ್ಲಿ ಎಸ್‌ಓಎಲ್ ಫಲಿತಾಂಶಕ್ಕೆ ‘ಬಿಲ್ಡ್ ಎ ಟೇಬಲ್’ ಎಂಬ ಸಾಧನವಿದೆ. ಅಲ್ಲಿ ಎರಡೂ ಸ್ಕೂಲ್ ಆಯ್ದು, ಏಳನೇ ಗಣಿತ, ಎಂಟನೇ ಗಣಿತ, ಆಲ್ಜೀಬ್ರಾ 1 ಮೂರನ್ನೂ ಅಕ್ಕಪಕ್ಕ ತೆಗೆಯಿರಿ. ಒಂದೇ ವರ್ಷ ಬೇಡ, ಕನಿಷ್ಠ 3 ವರ್ಷದ್ದು ನೋಡಿ. ಆಮೇಲೆ ಎರಡೂ ಸ್ಕೂಲಿನ ಕೌನ್ಸೆಲರ್‌ಗೆ ಒಂದು ಇಮೇಲ್ ಹಾಕಿ: ‘ಏಳರಲ್ಲಿ ಮ್ಯಾಥ್ 7, ಆನರ್ಸ್, ಆಲ್ಜೀಬ್ರಾ 1ಕ್ಕೆ ಎಷ್ಟೆಷ್ಟು ಸೆಕ್ಷನ್ ಇವೆ?’ ಯಾವ ರೇಟಿಂಗ್‌ಗಿಂತಲೂ ಆ ಉತ್ತರ ಹೆಚ್ಚು ಹೇಳುತ್ತದೆ. ಓದಿನ ಪರೀಕ್ಷೆಯಲ್ಲಿ ಈ ತಲೆನೋವಿಲ್ಲ. ಎಲ್ಲರೂ ಅವರವರ ಕ್ಲಾಸಿನದನ್ನೇ ಬರೆಯುತ್ತಾರೆ, ಅದನ್ನು ನೇರವಾಗಿ ಹೋಲಿಸಬಹುದು.

ಇನ್ನೊಂದು ಸಂಗತಿ, ಎಎಪಿ ಸೆಂಟರ್. ಎಎಪಿ ಅಂದರೆ ಓದಿನಲ್ಲಿ ಮುಂದಿರುವ ಮಕ್ಕಳಿಗಾಗಿ ಇರುವ ಅಡ್ವಾನ್ಸ್ಡ್ ಅಕಾಡೆಮಿಕ್ಸ್ ಕಾರ್ಯಕ್ರಮ. ಅದರ ಪೂರ್ಣಾವಧಿ ಹಂತಕ್ಕೆ ಆಯ್ಕೆಯಾದ ಮಕ್ಕಳನ್ನು ಅಕ್ಕಪಕ್ಕದ ವ್ಯಾಪ್ತಿಯಿಂದಲೂ ಸೆಂಟರ್ ಇರುವ ಸ್ಕೂಲಿಗೆ ಸೇರಿಸಿಕೊಳ್ಳುತ್ತಾರೆ. ಸೆಂಟರ್ ಸ್ಕೂಲಿನ ಸರಾಸರಿ ಏರಿತು, ಪಕ್ಕದ ಸ್ಕೂಲಿನದು ಇಳಿಯಿತು, ಮೇಷ್ಟ್ರುಗಳು ಇದ್ದವರೇ! ನಿಮ್ಮ ಮಗಳು ಆಯ್ಕೆಯಾಗಿರದಿದ್ದರೂ ಚಿಂತೆ ಬೇಡ, ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್, ವಿಜ್ಞಾನ, ಸಮಾಜಗಳ ಆನರ್ಸ್ ಕ್ಲಾಸಿಗೆ ಯಾರು ಬೇಕಾದರೂ ಹೆಸರು ಕೊಡಬಹುದು. ಏಳರಲ್ಲಿ ಆಲ್ಜೀಬ್ರಾಕ್ಕೆ ಮಾತ್ರ ಅರ್ಹತೆ ಕೇಳುತ್ತಾರೆ. ಈ ವರ್ಷದ ಷರತ್ತನ್ನು ಈಗಿನ ಎಲಿಮೆಂಟರಿಯಲ್ಲೇ ವಿಚಾರಿಸಿ.

ಆಯ್ದ ಮಕ್ಕಳನ್ನಷ್ಟೇ ಸೇರಿಸಿಕೊಳ್ಳುವ, ವಿಜ್ಞಾನ ಮತ್ತು ತಂತ್ರಜ್ಞಾನದ ಥಾಮಸ್ ಜೆಫರ್ಸನ್ ಹೈಸ್ಕೂಲ್ ತಲೆಯಲ್ಲಿದ್ದರೆ ಲೆಕ್ಕ ತಿರುವುಮುರುವಾಗುತ್ತದೆ. 2020ರಲ್ಲಿ ಪ್ರವೇಶ ಪರೀಕ್ಷೆ ತೆಗೆದರು. ಈಗ ಪ್ರತಿ ಸರ್ಕಾರಿ ಮಿಡ್ಲ್ ಸ್ಕೂಲಿಗೆ ಅಲ್ಲಿನ ಎಂಟನೇ ಕ್ಲಾಸಿನ ಮಕ್ಕಳ ಶೇ 1.5ರಷ್ಟು ಸೀಟು ಮೀಸಲು. ಉಳಿದ ಸೀಟಿಗೆ ಎಲ್ಲರ ನಡುವೆ ಪೈಪೋಟಿ. ಎಂಟರಲ್ಲಿ 700 ಮಕ್ಕಳಿದ್ದರೆ ಹತ್ತೋ ಹನ್ನೊಂದೋ ಸೀಟು. ಘಟಾನುಘಟಿಗಳೇ ತುಂಬಿರುವ ಸೆಂಟರ್ ಸ್ಕೂಲಿನಲ್ಲಿ ಆ ಹತ್ತರೊಳಗೆ ಬರುವುದು ಸುಲಭವಲ್ಲ. ಹಾಗಂತ ಇದೊಂದಕ್ಕಾಗಿ ಸ್ಕೂಲ್ ಆರಿಸುವುದು ಜಾಣತನವೆಂದು ನಮಗನಿಸುವುದಿಲ್ಲ.

ಅಡ್ವಾನ್ಸ್ ಕೊಡುವ ಮುಂಚೆ ಮನೆಯ ಪೂರ್ತಿ ಅಡ್ರೆಸ್ ಅನ್ನು ಕೌಂಟಿ ಸ್ಕೂಲ್‌ಗಳ ‘ಬೌಂಡರಿ ಲೊಕೇಟರ್’ ಎಂಬ ಜಾಲಪುಟದಲ್ಲಿ ಹಾಕಿ. ಆ್ಯಪ್ ತೋರಿಸುವ ಸ್ಕೂಲ್ ಹೆಸರು ಎಷ್ಟೋ ಸಲ ಹಳೆಯದಿರುತ್ತದೆ. ರಸ್ತೆಯ ಈ ಕಡೆ ಒಂದು ಸ್ಕೂಲ್, ಆ ಕಡೆ ಇನ್ನೊಂದು ಇರುವುದೂ ಉಂಟು. 5 ವರ್ಷಕ್ಕೊಮ್ಮೆ ಗಡಿ ಪರಿಶೀಲಿಸುವ ನೀತಿ 2024ರಲ್ಲಿ ಬಂದಿದೆ, ಆದ್ದರಿಂದ ಹೊಸ ಶಾಲಾ ವರ್ಷದ ಗಡಿಯನ್ನೇ ನೋಡಿ. ಅದೇ ಪುಟದಲ್ಲಿ ಹೈಸ್ಕೂಲ್ ಯಾವುದು ಅಂತಲೂ ಬರುತ್ತದೆ. ಮಿಡ್ಲ್ ಸ್ಕೂಲ್ 2 ವರ್ಷ, ಹೈಸ್ಕೂಲ್ 4 ವರ್ಷ. ಬಾಡಿಗೆಯ ತೂಕ ಯಾವ ಕಡೆ ಹಾಕಬೇಕೆಂದು ನೀವೇ ನೋಡಿ.

ಪ್ರಶ್ನೆ: ಸ್ಕೂಲಿನ ಮಾಹಿತಿಯಲ್ಲಿ ‘ದೀರ್ಘ ಗೈರುಹಾಜರಿ’ ಅಂತ ಒಂದು ಅಂಕಿ ಇದೆ. ಡಿಸೆಂಬರ್‌ನಲ್ಲಿ ಊರಿಗೆ ಹೋದರೆ ನಮ್ಮ ಮಗುವೂ ಅದರಲ್ಲಿ ಸೇರುತ್ತದೆಯೇ?

ಉತ್ತರ: ವರ್ಷದಲ್ಲಿ ಶೇ 10ರಷ್ಟು ದಿನ ತಪ್ಪಿಸಿದರೆ ಸೇರುತ್ತದೆ. 180 ದಿನದ ಶಾಲಾ ವರ್ಷಕ್ಕೆ 18 ದಿನ. ಜ್ವರ ಬಂದು ಮಲಗಿದ್ದೂ, ಅಜ್ಜಿ ಮನೆಗೆ ಹೋದದ್ದೂ ಇಲ್ಲಿ ಒಂದೇ ಲೆಕ್ಕ. ಚೀಟಿ ಕೊಟ್ಟರೂ ಕಳೆಯುವುದಿಲ್ಲ. ಇದಕ್ಕಿಂತ ಮುಖ್ಯವಾದದ್ದು, ಸತತ 15 ಶಾಲಾ ದಿನ ಬಾರದಿದ್ದರೆ ವರ್ಜೀನಿಯಾದಲ್ಲಿ ಮಗುವಿನ ಹೆಸರನ್ನೇ ಪಟ್ಟಿಯಿಂದ ತೆಗೆಯುತ್ತಾರೆ, ವಾಪಸು ಬಂದ ಮೇಲೆ ಮತ್ತೆ ದಾಖಲಾಗಬೇಕು. ಟಿಕೆಟ್ ಬುಕ್ ಮಾಡುವಾಗ ಚಳಿಗಾಲದ ರಜೆಯ ಹಿಂದೆ ಮುಂದೆ ಸೇರಿ 14 ಶಾಲಾ ದಿನ ಮೀರದಂತೆ ನೋಡಿಕೊಳ್ಳಿ, ಹೊರಡುವ ಮುಂಚೆ ಹಾಜರಾತಿ ಕಚೇರಿಗೆ ತಾರೀಕುಗಳನ್ನು ಬರೆದು ತಿಳಿಸಿ.