ಅರ್ಧ ಬೆಲೆ ಹೇಳಿ ಕೊಳ್ಳುವ ವಾಚು

ಪ್ರಶ್ನೆ: ನನಗೆ 39 ವರ್ಷ. ಒಳ್ಳೆಯ ಕೆಲಸ, ಒಬ್ಬ ಮಗ, ಮನೆ ಸಾಲ ಇನ್ನೂ ಬಾಕಿ ಇದೆ. ನಾಲ್ಕು ವರ್ಷದಿಂದ ಒಮೆಗಾ ಸ್ಪೀಡ್‌ಮಾಸ್ಟರ್ ಪ್ರೊಫೆಷನಲ್ ವಾಚಿನ ಮೇಲೆ ಕಣ್ಣು. ಹೊಸದಕ್ಕೆ ನನ್ನ ಮೂರು ತಿಂಗಳ ಸಂಬಳ ಬೇಕು, ಅಂಗಡಿಯವರು ಕಂತಿನ ಮೇಲೆ ಕೊಡುತ್ತೇವೆ ಅಂದಿದ್ದಾರೆ. ಪರಿಚಯದವರೊಬ್ಬರು ತಮ್ಮದನ್ನು ಹೊಸದರ ಮುಕ್ಕಾಲು ಬೆಲೆಗೆ ಕೊಡುತ್ತಾರಂತೆ. ‘ಈಗಿನ ಮಾದರಿಯೇ, ಕಟ್ಟಿದ್ದೇ ಅಪರೂಪ’ ಅನ್ನುತ್ತಾರೆ. ಆದರೆ ಬಿಲ್ಲು, ವಾರಂಟಿ ಕಾರ್ಡು ಎರಡೂ ಇಲ್ಲ. ಕ್ರೋನೋಗ್ರಾಫ್, ಅಂದರೆ ಸ್ಟಾಪ್‌ವಾಚಿನ ಮುಳ್ಳು ಸೊನ್ನೆಗೆ ಮರಳಿದಾಗ ತುಸು ಆಚೆ ನಿಲ್ಲುತ್ತದೆ. ‘ಫೋನಲ್ಲಿ ಟೈಮ್ ಕಾಣಲ್ವಾ?’ ಅಂತ ಹೆಂಡತಿಯ ಪ್ರಶ್ನೆ. ಇದು ಹೂಡಿಕೆ, ನಾಳೆ ಮಗನಿಗೂ ಆಗುತ್ತದೆ ಎಂದು ಹೇಳಿ ನೋಡಿದೆ, ಒಪ್ಪಲಿಲ್ಲ. ಕೊಂಡುಬಿಟ್ಟು ಅರ್ಧ ಬೆಲೆ ಹೇಳಿದರೆ ಆಯಿತು ಅನ್ನಿಸುತ್ತಿದೆ. ಏನು ಮಾಡಲಿ? ಇನ್ನೊಂದು ವಿಷಯ: ಸ್ಟೀಲ್ ಚೈನಿನದೋ, ಚರ್ಮದ ಪಟ್ಟಿಯದೋ?
— ಹೆಸರು ಬೇಡ

ಉತ್ತರ: ಮೊದಲು ಆ ಪರಿಚಯದವರ ವಾಚಿನ ವಿಚಾರ ಮುಗಿಸೋಣ. ಹೊಸದು ಅಂಗಡಿಯಲ್ಲೇ ಇರುತ್ತದೆ, ಅವರು ಮಾತ್ರ ನಿಮ್ಮ ಉತ್ತರಕ್ಕೆ ಕಾಯುತ್ತಿದ್ದಾರೆ.

‘ಈಗಿನ ಮಾದರಿಯೇ’ ಎಂಬ ಮಾತನ್ನು ಅರ್ಧ ನಿಮಿಷದಲ್ಲಿ ಪರೀಕ್ಷಿಸಬಹುದು. ವಾಚಿಗೆ ಕೀ ಕೊಡಿ. ಒಂಬತ್ತರ ಕಡೆಯ ಪುಟ್ಟ ಡಯಲಿನಲ್ಲಿ ಸೆಕೆಂಡಿನ ಮುಳ್ಳು ಓಡುತ್ತಿರುತ್ತದೆ. ಈಗ ಟೈಮ್ ತಿರುಗಿಸುವಾಗ ಮಾಡುವಂತೆ ಕ್ರೌನನ್ನು, ಅಂದರೆ ಕೀ ಕೊಡುವ ತಿರುಗಣೆಯನ್ನು, ಹೊರಗೆಳೆಯಿರಿ. ಮುಳ್ಳು ನಿಂತರೆ ಒಳಗಿರುವುದು 3861 ಯಂತ್ರ, ಅಂದರೆ 2021ರಿಂದ ಬಂದ ತಲೆಮಾರು. ಕ್ರೌನ್ ಎಳೆದರೂ ಮುಳ್ಳು ಲೆಕ್ಕಿಸದೆ ಓಡುತ್ತಲೇ ಇದ್ದರೆ ಅದು ಹಿಂದಿನ 1861 ತಲೆಮಾರಿನದು. ಡಯಲಿನ ಸುತ್ತಲಿನ ಬಳೆ, ಅಂದರೆ ಬೆಝೆಲ್ ಮೇಲಿನ 90ರ ಅಂಕಿಯನ್ನೂ ನೋಡಿ. ಸಾಮಾನ್ಯ ಮಾದರಿಗಳಲ್ಲಿ ಹೊಸದಕ್ಕೆ ಬಿಂದು ಅಂಕಿಯ ತಲೆಯ ಮೇಲಿರುತ್ತದೆ, ಹಳೆಯದಕ್ಕೆ ಪಕ್ಕದಲ್ಲಿ. ಬೆಝೆಲ್ ಬದಲಾಯಿಸುವುದು ಸುಲಭವಾದ್ದರಿಂದ ನಂಬಬೇಕಾದದ್ದು ಕ್ರೌನ್ ಪರೀಕ್ಷೆಯನ್ನೇ.

1861 ಕಳಪೆ ಯಂತ್ರವಲ್ಲ. ರಿಪೇರಿ ಬಲ್ಲವರು ಎಲ್ಲೆಡೆ ಇದ್ದಾರೆ, ಗಟ್ಟಿಮುಟ್ಟಾಗಿ ಬಾಳುತ್ತದೆ. ಆದರೆ 3861ಕ್ಕೆ ಸ್ವಿಸ್ ಮಾಪನ ಸಂಸ್ಥೆ ಮೆಟಾಸ್‌ನ ಪ್ರಮಾಣಪತ್ರವಿದೆ. ದಿನಕ್ಕೆ ಸೊನ್ನೆಯಿಂದ ಐದು ಸೆಕೆಂಡ್ ಮುಂದೆ ಹೋಗಬಹುದು, ಹಿಂದೆ ಬೀಳುವಂತಿಲ್ಲ. 15,000 ಗಾಸ್ ಕಾಂತಕ್ಷೇತ್ರವನ್ನೂ ತಡೆದುಕೊಳ್ಳಬೇಕು. 1861ನ್ನು ಸ್ಪೀಕರ್ ಮೇಲೋ ಮ್ಯಾಗ್ನೆಟ್ ಇರುವ ಫೋನ್ ಕವರಿನ ಪಕ್ಕದಲ್ಲೋ ಇಟ್ಟರೆ ಒಳಗಿನ ಕೂದಲೆಳೆಯಂಥ ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡಬಹುದು. ಕಾಂತತ್ವ ತೆಗೆಯುವ ಡೀಮ್ಯಾಗ್ನೆಟೈಜರಿನಲ್ಲಿ ಅದನ್ನು ಸರಿಪಡಿಸುವುದು ಕೆಲವೇ ಕ್ಷಣದ ಕೆಲಸ, ಹೆದರುವಂಥದ್ದಲ್ಲ. ಹಿಂದಿನ ತಲೆಮಾರಿನದಕ್ಕೆ ಈಗಿನದರ ಮುಕ್ಕಾಲು ಬೆಲೆ ಕೇಳುವುದು ಮಾತ್ರ ಜಾಸ್ತಿಯಾಯಿತು.

ಇನ್ನು ಸೊನ್ನೆಗೆ ಬಾರದ ಆ ಮುಳ್ಳು. ನಿಮ್ಮ ಪತ್ರದಲ್ಲಿ ನೀವು ಹಗುರವಾಗಿ ದಾಟಿಹೋದ, ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ಸಾಲು ಅದು. ಕ್ರೋನೋಗ್ರಾಫಿನ ಮುಳ್ಳು ಕೂರುವ ಅಚ್ಚಿನ ಮೇಲೆ ಹೃದಯದಾಕಾರದ ಪುಟ್ಟ ಬಿಲ್ಲೆಯೊಂದಿರುತ್ತದೆ. ಕೆಳಗಿನ ಗುಂಡಿ ಒತ್ತಿದಾಗ ಒಂದು ಸುತ್ತಿಗೆ ಬಂದು ಆ ಬಿಲ್ಲೆಯ ಅಂಚಿಗೆ ಬಡಿಯುತ್ತದೆ. ಬಿಲ್ಲೆ ಯಾವ ಕೋನದಲ್ಲೇ ಇರಲಿ, ಜಾರಿ ತಿರುಗಿ ಅದರ ತಗ್ಗಿಗೆ ಸುತ್ತಿಗೆ ಬಂದು ಕೂರುವಂತೆ ಅದರ ಆಕಾರ. ಹಾಗಾಗಿ ಬಿಲ್ಲೆ ಪ್ರತಿ ಸಲ ಒಂದೇ ಜಾಗಕ್ಕೆ ಬರುತ್ತದೆ. ಮುಳ್ಳು ಮಾತ್ರ ಅಚ್ಚಿನ ಮೇಲೆ ಬಿಗಿಯಾಗಿ ಒತ್ತಿ ಕೂರಿಸಿದ್ದು ಅಷ್ಟೇ, ಅದಕ್ಕೆ ಬೇರೆ ಹಿಡಿತವಿಲ್ಲ.

ಈಗ ನೀವು ಮಾಡಬೇಕಾದದ್ದು: ಹತ್ತು ಸಲ ಓಡಿಸಿ, ನಿಲ್ಲಿಸಿ, ಸೊನ್ನೆಗೆ ತನ್ನಿ. ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ನಿಲ್ಲಿಸಿ, ಒಮ್ಮೆ 10ನೇ ಸೆಕೆಂಡಿಗೆ, ಒಮ್ಮೆ 35ಕ್ಕೆ, ಒಮ್ಮೆ 50ಕ್ಕೆ. ಹತ್ತೂ ಸಲ ಅಷ್ಟೇ ಆಚೆ ನಿಂತರೆ ಮುಳ್ಳನ್ನು ಓರೆಯಾಗಿ ಕೂರಿಸಿದ್ದಾರೆ, ತೆಗೆದು ಕೂರಿಸಿದರೆ ಸರಿಹೋಗುತ್ತದೆ. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಮುಳ್ಳಿನ ಬುಡ ಸಡಿಲವಾಗಿ ಪ್ರತಿ ಬಡಿತಕ್ಕೂ ಜಾರುತ್ತಿದೆ, ಇಲ್ಲವೇ ಸುತ್ತಿಗೆಯ ಹೊಂದಾಣಿಕೆ ತಪ್ಪಿದೆ. ಆಗ ವಾಚು ಬಿಚ್ಚಲೇಬೇಕು. ಎರಡರಲ್ಲಿ ಯಾವುದೇ ಆದರೂ, ಒಂದು ಅನುಮಾನ ಹಾಗೇ ಉಳಿಯುತ್ತದೆ: ಕಟ್ಟಿದ್ದೇ ಅಪರೂಪ ಎನ್ನುವ ವಾಚನ್ನು ಯಾರೋ ಬಿಚ್ಚಿದ್ದು ಯಾಕೆ? ಬಿಚ್ಚಿಲ್ಲವಾದರೆ, ಮುಳ್ಳು ಸಡಿಲವಾಗುವಷ್ಟು ಏಟು ಬಿದ್ದದ್ದು ಯಾವಾಗ?

ಅದೇ ಹೊತ್ತಿಗೆ ಮೂರರ ಕಡೆಯ ಪುಟ್ಟ ಡಯಲನ್ನೂ ಗಮನಿಸಿ. ದೊಡ್ಡ ಮುಳ್ಳು ಒಂದು ಸುತ್ತು ಮುಗಿಸುವ ಹೊತ್ತಿಗೆ ನಿಮಿಷದ ಮುಳ್ಳು ಒಂದು ಗೆರೆ ಮುಂದೆ ಹೋಗಬೇಕು; ಎರಡು ಗೆರೆ ಹಾರಬಾರದು, ನಡುವೆ ಅಂಡಲೆಯಬಾರದು. ಆರರ ಕಡೆಯದು ಗಂಟೆಗಳದ್ದು, ಅದು ಚಲಿಸುವುದು ಕಣ್ಣಿಗೆ ಕಾಣಲು ಅರ್ಧ ಗಂಟೆಯಾದರೂ ಓಡಿಸಬೇಕು. ಅಷ್ಟು ತಾಳ್ಮೆ ತೋರಿದರೆ ಮಾರುವವರಿಗೆ ಮುಜುಗರವಾಗಬಹುದು, ಆಗಲಿ. ಓಡಿಸಲು ಗುಂಡಿ ಒತ್ತಿದ ಕ್ಷಣ ದೊಡ್ಡ ಮುಳ್ಳು ಸ್ವಲ್ಪ ಜಿಗಿಯುವುದು ದೋಷವಲ್ಲ. ಈ ಯಂತ್ರಗಳಲ್ಲಿ ಒಂದು ಚಕ್ರ ಪಕ್ಕದಿಂದ ಬಂದು ಇನ್ನೊಂದಕ್ಕೆ ಹಲ್ಲು ಕೂಡಿಸುತ್ತದೆ, ಹಲ್ಲಿಗೆ ಹಲ್ಲು ಎದುರಾದರೆ ಮುಳ್ಳು ಹಾರುತ್ತದೆ. ಸೊನ್ನೆಗೆ ಬರದಿರುವುದನ್ನೂ ಮಾರುವವರು ಇದೇ ನೆಪದಲ್ಲಿ ಸಮರ್ಥಿಸಿಕೊಂಡರೆ ನಂಬಬೇಡಿ.

ಇಷ್ಟಾದ ಮೇಲೂ ಆಸೆ ಉಳಿದರೆ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ವಾಚಿನ ನಡಿಗೆ ಅಳೆಯುವ ಟೈಮ್‌ಗ್ರಾಫರ್ ಮೇಲೆ ಇಡಿಸಿ. ಪೂರ್ತಿ ಕೀ ಕೊಟ್ಟು ಡಯಲ್ ಮೇಲ್ಮುಖವಾಗಿ ಇಟ್ಟಾಗ ಆಂಪ್ಲಿಟ್ಯೂಡ್, ಅಂದರೆ ಒಳಗಿನ ಬ್ಯಾಲೆನ್ಸ್ ಚಕ್ರ ಅತ್ತಿತ್ತ ತಿರುಗುವ ಅಳತೆ, 270 ಡಿಗ್ರಿಗಿಂತ ಮೇಲಿದ್ದರೆ ಒಳ್ಳೆಯದು. ಕ್ರೋನೋಗ್ರಾಫ್ ಓಡಿಸಿದಾಗ 20-40 ಡಿಗ್ರಿ ಇಳಿಯುವುದು ಸಹಜ, ಅದರ ಭಾರವನ್ನೂ ವಾಚು ಓಡಿಸುವ ಸ್ಪ್ರಿಂಗೇ ಹೊರಬೇಕಲ್ಲ. ಮೊದಲೇ 220ರ ಆಸುಪಾಸಿನಲ್ಲಿದ್ದರೆ ಎಣ್ಣೆ ಒಣಗಿದೆ, ಪೂರ್ತಿ ಸರ್ವಿಸ್ ಖರ್ಚನ್ನು ಬೆಲೆಯಿಂದ ಕಳೆಯಿರಿ. ಸೀರಿಯಲ್ ನಂಬರನ್ನೂ ಅಲ್ಲೇ ಪರಿಶೀಲಿಸಲಿ. ಕಾಗದಪತ್ರವಿಲ್ಲದ ವಾಚು ಕಳವಿನದೆಂದು ಎಲ್ಲೋ ದಾಖಲಾಗಿದ್ದರೆ, ಮುಂದೊಂದು ದಿನ ಸರ್ವಿಸಿಗೆ ಕೊಟ್ಟದ್ದು ವಾಪಸ್ ಬರದೇ ಹೋಗಬಹುದು, ದುಡ್ಡು ಕೊಟ್ಟವರು ನೀವಾಗಿದ್ದರೂ. ಇದಕ್ಕೆಲ್ಲ ಅವರು ಒಪ್ಪದಿದ್ದರೆ ನಮಸ್ಕಾರ ಹೇಳಿ ಬಂದುಬಿಡಿ. ನನ್ನನ್ನು ಕೇಳಿದರೆ, ಒಪ್ಪಿದರೂ ಆ ಬೆಲೆಗೆ ಬೇಡ.

ಹೂಡಿಕೆ ಅಂದಿರಿ. ಸೆಕೆಂಡ್‌ಹ್ಯಾಂಡ್ ವಾಚುಗಳ ಬೆಲೆ 2022ರ ಆರಂಭದವರೆಗೆ ಏರಿ, ಆಮೇಲೆ ಇಳಿಯಿತು. ಏರುವಾಗ ಕೊಂಡವರು ಈಗಲೂ ಲೆಕ್ಕ ಹಾಕುತ್ತಿದ್ದಾರೆ. ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರುವ ಉಕ್ಕಿನ ಕ್ರೋನೋಗ್ರಾಫ್ ಅಂದರೆ ರೋಲೆಕ್ಸ್ ಡೇಟೋನಾದಂಥ ಕೆಲವೇ ಕೆಲವು, ಅವು ಕೇಳಿದ ದಿನ ಸಿಗುವುದೂ ಇಲ್ಲ. ನಿಮ್ಮದು ಕೇಳಿದ ದಿನ ಸಿಗುತ್ತದೆ, ಹಾಗಾಗಿಯೇ ಅಂಗಡಿ ಬಾಗಿಲು ದಾಟಿದ ದಿನವೇ ಬೆಲೆ ಇಳಿಯುತ್ತದೆ. ಇಳಿಯಲಿ ಬಿಡಿ, ಕಟ್ಟಲು ಕೊಳ್ಳುವವರಿಗೆ ಅದು ದೊಡ್ಡ ಮಾತಲ್ಲ. ಆದರೆ ಹೆಂಡತಿಯ ಮುಂದೆ ಹೂಡಿಕೆ ಎಂದು ವಾದಿಸಿದ್ದು ಸರಿಯಲ್ಲ. ಅವರು ಒಪ್ಪದೇ ಇದ್ದದ್ದು ವಾಚನ್ನಲ್ಲ, ಆ ವಾದವನ್ನು ಅಂತ ನನ್ನ ಗುಮಾನಿ.

ನಿಜವಾದ ಖರ್ಚು ಹೀಗಿರುತ್ತದೆ. ಐದರಿಂದ ಎಂಟು ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ ಎಂಬುದು ಕಂಪನಿಯ ಸಲಹೆ. ಬರೀ ಗಂಟೆ ನಿಮಿಷ ತೋರಿಸುವ ವಾಚಿಗಿಂತ ಕ್ರೋನೋಗ್ರಾಫಿನ ಸರ್ವಿಸ್ ದುಬಾರಿ, ಭಾಗಗಳೂ ಹೆಚ್ಚು, ಹೊಂದಿಸುವ ಕೆಲಸವೂ ಹೆಚ್ಚು. ಪ್ರತಿ ಸಲಕ್ಕೆ ವಾಚಿನ ಬೆಲೆಯ ಹತ್ತನೇ ಒಂದು ಭಾಗ ಎತ್ತಿಡಿ. ವಿಮೆ ಮಾಡಿಸಿದರೆ ವರ್ಷಕ್ಕೆ ಬೆಲೆಯ ಶೇ 1ರಿಂದ 2. ಮಗನ ಕೈಗೆ ಕೊಡುವ ಹೊತ್ತಿಗೆ, ಅಂದರೆ ಇಪ್ಪತ್ತು ವರ್ಷಕ್ಕೆ, ಮೂರು ಸರ್ವಿಸ್ ಮತ್ತು ವಿಮೆ ಸೇರಿ ಕನಿಷ್ಠ ಅರ್ಧ ವಾಚಿನ ದುಡ್ಡು ಮತ್ತೆ ಖರ್ಚಾಗಿರುತ್ತದೆ. ಮೂರು ತಿಂಗಳ ಸಂಬಳ ಎಂದು ಬರೆದಿದ್ದೀರಿ, ಕನಿಷ್ಠ ನಾಲ್ಕೂವರೆ ಅಂದುಕೊಳ್ಳಿ. ಇದರ ಮೇಲೆ ಕಂತಿನ ಬಡ್ಡಿ ಬೇರೆ. ಮನೆ ಸಾಲ ಇರುವಾಗ ವಾಚಿಗೆ ಕಂತು ಬೇಡವೇ ಬೇಡ, ಇದರಲ್ಲಿ ಎರಡು ಮಾತಿಲ್ಲ.

ಇಲ್ಲಿಗೆ ನಿಮ್ಮ ‘ಅರ್ಧ ಬೆಲೆ’ಯ ಉಪಾಯವೂ ಕೆಡುತ್ತದೆ. ವಿಮೆಗೆ ಅಸಲಿ ಬಿಲ್ಲು ಬೇಕು. ಅರ್ಧ ಬೆಲೆಗೆ ವಿಮೆ ಮಾಡಿಸಿದರೆ ಕಳೆದುಹೋದಾಗ ಅರ್ಧವೇ ಸಿಗುತ್ತದೆ. ಮಾಡಿಸದಿದ್ದರೆ ಏನೂ ಸಿಗುವುದಿಲ್ಲ. ಏಳನೇ ವರ್ಷದ ಸರ್ವಿಸ್ ಬಿಲ್ ಮನೆಗೆ ಬಂದಾಗ ‘ಇಷ್ಟು ಅಗ್ಗದ ವಾಚಿಗೆ ಇಷ್ಟೇಕೆ?’ ಎಂಬ ಪ್ರಶ್ನೆಗೆ ಇನ್ನೊಂದು ಸುಳ್ಳು ಹುಟ್ಟಿಸಬೇಕು. ದಿನವೂ ಕೈಯಲ್ಲಿ ಕಾಣುವ ವಸ್ತುವಿನ ಬಗ್ಗೆ ದಿನವೂ ಎಚ್ಚರದಿಂದ ಮಾತಾಡುವುದು ದೊಡ್ಡ ಹಿಂಸೆ, ನಾಲ್ಕು ವರ್ಷ ಆಸೆಪಟ್ಟ ವಾಚನ್ನು ನೀವೇ ಡ್ರಾಯರಿನಲ್ಲಿ ಮುಚ್ಚಿಡುತ್ತೀರಿ. ಪೂರ್ತಿ ಬೆಲೆ, ಸರ್ವಿಸ್, ವಿಮೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಡಿ. ಹೂಡಿಕೆ, ಮಗ ಎರಡನ್ನೂ ಬಿಟ್ಟು ‘ನನಗಿದು ಇಷ್ಟ’ ಅನ್ನಿ. ಅವರಿಗೂ ಅಷ್ಟೇ ದಿನದಿಂದ ಮುಂದೂಡಿದ ಒಂದು ಆಸೆ ಇದ್ದೀತು, ಅದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಯಾವುದು ಮೊದಲು ಎಂಬುದು ಆಮೇಲಿನ ಮಾತು.

ಒಪ್ಪಿಗೆ ಸಿಕ್ಕರೂ ಆ ದಿನವೇ ಅಂಗಡಿಗೆ ಓಡಬೇಡಿ. ಕಂತು ಕಟ್ಟಿದ್ದರೆ ತಿಂಗಳಿಗೆಷ್ಟು ಹೋಗುತ್ತಿತ್ತೋ ಅಷ್ಟನ್ನೇ ಬೇರೆ ಖಾತೆಗೆ ಹಾಕುತ್ತ ಬನ್ನಿ. ಈ ನಡುವೆ 42 ಮಿಲಿಮೀಟರ್ ಅಗಲದ ಅಗ್ಗದ ಕ್ವಾರ್ಟ್ಜ್ (ಬ್ಯಾಟರಿಯ) ಕ್ರೋನೋಗ್ರಾಫ್ ಒಂದನ್ನು ಕಟ್ಟಿ ಓಡಾಡಿ. ಸ್ಪೀಡ್‌ಮಾಸ್ಟರಿನ ಅಳತೆಯೂ ಅಷ್ಟೇ. ಅಂಗಿಯ ತೋಳಿನ ಗುಂಡಿ ಹಾಕಲಾಗುತ್ತದೆಯೇ, ಪಟ್ಟಿ ಕೂರುವ ಕಾಲುಗಳು ಮಣಿಕಟ್ಟಿನಾಚೆ ಚಾಚುತ್ತವೆಯೇ, ದಿನಕ್ಕೆಷ್ಟು ಸಲ ಬಾಗಿಲ ಚೌಕಟ್ಟಿಗೆ ತಾಗಿಸುತ್ತೀರಿ, ಎಲ್ಲ ಗೊತ್ತಾಗುತ್ತದೆ. ಗುಂಡಿ ಒತ್ತುತ್ತೀರೋ ಇಲ್ಲವೋ ಎಂಬುದೂ. ಒತ್ತದವರೇ ಹೆಚ್ಚು, ಅದೇನು ಅಪರಾಧವಲ್ಲ. ಖಾತೆ ತುಂಬುವ ಹೊತ್ತಿಗೂ ಆಸೆ ಹಾಗೇ ಇದ್ದರೆ ಹೊಸದನ್ನೇ ಕೊಳ್ಳಿ, ಐದು ವರ್ಷದ ವಾರಂಟಿ ಸಿಗುತ್ತದೆ. ಸೆಕೆಂಡ್‌ಹ್ಯಾಂಡ್ ಬೇಕೆಂದರೆ ಬಿಲ್ಲು, ಕಾರ್ಡು ಇರುವ 3861.

ಗಾಜಿನ ಬಗ್ಗೆ ನೀವು ಕೇಳಿಲ್ಲ, ಅಂಗಡಿಯವರು ಕೇಳುತ್ತಾರೆ. ಹೆಸಲೈಟ್ ಒಂದು ಬಗೆಯ ಪ್ಲಾಸ್ಟಿಕ್. ಗೀರು ಬೇಗ ಬೀಳುತ್ತದೆ, ಪಾಲಿಶ್ ಪೇಸ್ಟಿನಲ್ಲಿ ಮನೆಯಲ್ಲೇ ಉಜ್ಜಿದರೆ ಹೋಗುತ್ತದೆ, ಏಟು ಬಿದ್ದರೆ ಚೂರುಚೂರಾಗುವುದಿಲ್ಲ. ಸಫೈರ್ ಗಾಜಿಗೆ ಸುಲಭಕ್ಕೆ ಗೀರು ಬೀಳದು, ಬೆಲೆ ಜಾಸ್ತಿ. ನಾಸಾ 1965ರ ಮಾರ್ಚ್‌ನಲ್ಲಿ ಬಾಹ್ಯಾಕಾಶಯಾನಕ್ಕೆ ಒಪ್ಪಿದ್ದು, 1969ರಲ್ಲಿ ಗಗನಯಾತ್ರಿ ಆಲ್ಡ್ರಿನ್ ಚಂದ್ರನ ಮೇಲೆ ಕಟ್ಟಿಕೊಂಡಿದ್ದು ಹೆಸಲೈಟಿನದೇ. ಆ ಕಥೆಗಾಗಿ ಕೊಳ್ಳುವವರು ಅದನ್ನೇ ತೆಗೆದುಕೊಳ್ಳುತ್ತಾರೆ. ಯಾವುದೇ ಇರಲಿ, ನೀರು ತಡೆಯುವ ಮಟ್ಟ 50 ಮೀಟರ್, ಕ್ರೌನಿಗೆ ತಿರುಪಿನ ಬಿಗಿ ಇಲ್ಲ. ಮಳೆ, ಕೈ ತೊಳೆಯುವುದು ಸರಿ. ನೀರಿನಲ್ಲಿ ಗುಂಡಿ ಒತ್ತಬೇಡಿ, ಒತ್ತಿದರೆ ವಾಷರಿನ ಪಕ್ಕದಿಂದ ನೀರು ನುಸುಳಬಹುದು.

ಚೈನೋ ಪಟ್ಟಿಯೋ ಅಂದಿರಲ್ಲ, ಚೈನಿನದೇ ತೆಗೆದುಕೊಳ್ಳಿ. ಕಂಪನಿಯ ಸ್ಟೀಲ್ ಚೈನನ್ನು ಆಮೇಲೆ ಬೇರೆಯಾಗಿ ಕೊಳ್ಳಲು ಹೋದರೆ ತುಂಬ ದುಬಾರಿ ಬೀಳುತ್ತದೆ. 20 ಮಿಲಿಮೀಟರಿನ ಚರ್ಮದ ಪಟ್ಟಿ ಮಾತ್ರ ಎಲ್ಲಿ ಬೇಕಾದರೂ, ಯಾವ ಬಣ್ಣದ್ದು ಬೇಕಾದರೂ ಸಿಗುತ್ತದೆ.