ಎಂಟುನೂರು ಕೋಟಿ ಜನ ಎಲ್ಲಿದ್ದಾರೆ? ಓದುಗರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ಭಾರತದಲ್ಲಿ ಈಗ ಒಬ್ಬ ಹೆಣ್ಣುಮಗಳಿಗೆ ಸರಾಸರಿ ಎರಡೇ ಮಕ್ಕಳು ಎನ್ನುತ್ತಾರೆ. ಆದರೂ ಜನಸಂಖ್ಯೆ ಏರುತ್ತಲೇ ಇದೆಯಲ್ಲ. ಯಾವ ಲೆಕ್ಕ ಸರಿ?
– ಪದವಿ ವಿದ್ಯಾರ್ಥಿ, ಧಾರವಾಡ

ಉತ್ತರ: ಎರಡೂ ಸರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಒಟ್ಟು ಫಲವತ್ತತೆ ದರ, ಅಂದರೆ ಒಬ್ಬ ಹೆಣ್ಣುಮಗಳಿಗೆ ಸರಾಸರಿ ಮಕ್ಕಳ ಸಂಖ್ಯೆ, 2.0. ಕರ್ನಾಟಕದ್ದು 1.7, ಬಿಹಾರದ್ದು 3.0. ಒಂದು ತಲೆಮಾರು ತನ್ನಷ್ಟೇ ಜನರನ್ನು ಬಿಟ್ಟುಹೋಗಲು ಬೇಕಾದ ಮಟ್ಟ ಸುಮಾರು 2.1. ಆ 0.1 ಯಾಕೆಂದರೆ, 100 ಹೆಣ್ಣು ಶಿಶುಗಳಿಗೆ ಸುಮಾರು 105 ಗಂಡು ಶಿಶುಗಳು ಹುಟ್ಟುತ್ತವೆ, ಜೊತೆಗೆ ಕೆಲವು ಹುಡುಗಿಯರು ತಾಯಾಗುವ ವಯಸ್ಸಿಗೆ ಮೊದಲೇ ತೀರಿಕೊಳ್ಳುತ್ತಾರೆ. ಆದರೆ ದರ ಈ ಮಟ್ಟಕ್ಕೆ ಇಳಿದ ಕೂಡಲೇ ಏರಿಕೆ ನಿಲ್ಲುವುದಿಲ್ಲ.

ಹಾಳೆಯ ಮೇಲೆ ಹೀಗೆ ಮಾಡಿ ನೋಡಿ. ಒಂದು ಊರಲ್ಲಿ 60 ದಾಟಿದವರು 100, 30ರಿಂದ 60ರೊಳಗಿನವರು 200, ಅದಕ್ಕಿಂತ ಚಿಕ್ಕವರು 300. ಒಟ್ಟು 600. ಎಲ್ಲರೂ 90 ವರ್ಷ ಬದುಕುತ್ತಾರೆ, ಇನ್ನು ಮುಂದೆ ಪ್ರತಿ ತಲೆಮಾರೂ ತನ್ನಷ್ಟೇ ಮಕ್ಕಳನ್ನು ಹೆರುತ್ತದೆ ಎಂದಿಟ್ಟುಕೊಳ್ಳಿ. 30 ವರ್ಷದ ನಂತರ 200, 300, 300 ಸೇರಿ 800. ಮತ್ತೆ 30 ವರ್ಷಕ್ಕೆ 900. ಅಲ್ಲಿಗೆ ನಿಂತಿತು. ಯಾರೂ ಹೆಚ್ಚು ಮಕ್ಕಳನ್ನು ಹೆರಲಿಲ್ಲ, ಊರು ಮಾತ್ರ ಒಂದೂವರೆ ಪಟ್ಟಾಯಿತು. ಹಿಂದಿನ ದಶಕಗಳಲ್ಲಿ ಹುಟ್ಟಿದ ದೊಡ್ಡ ತಲೆಮಾರು ಈಗ ಹೆರುವ ವಯಸ್ಸಿನಲ್ಲಿರುವುದೇ ಇದಕ್ಕೆ ಕಾರಣ. ವಿಶ್ವಸಂಸ್ಥೆಯ 2024ರ ಅಂದಾಜಿನಂತೆ ಭಾರತ 2060ರ ದಶಕದ ಆರಂಭದಲ್ಲಿ ಸುಮಾರು 170 ಕೋಟಿ ಮುಟ್ಟಿ ಆಮೇಲೆ ಇಳಿಯುತ್ತದೆ.

ಜಗತ್ತಿನದೂ ಇದೇ ಲೆಕ್ಕ. 1960ರ ದಶಕದಲ್ಲಿ ವರ್ಷಕ್ಕೆ ಶೇ. 2 ದಾಟಿದ್ದ ಬೆಳವಣಿಗೆ ಈಗ ಶೇ. 1ಕ್ಕಿಂತ ಕೆಳಗಿದೆ. ಆದರೂ ವರ್ಷಕ್ಕೆ ಸುಮಾರು 13 ಕೋಟಿ ಹುಟ್ಟು, 6 ಕೋಟಿ ಸಾವು. ಉಳಿಯುವುದು 7 ಕೋಟಿ. 2022ರ ನವೆಂಬರ್ 15ಕ್ಕೆ 800 ಕೋಟಿ ಮುಟ್ಟಿದ ಜಗತ್ತು 2080ರ ದಶಕದ ಮಧ್ಯದಲ್ಲಿ ಸುಮಾರು 1,030 ಕೋಟಿಯ ಗರಿಷ್ಠಕ್ಕೆ ಹೋಗಬಹುದು ಎಂಬುದು ಅದೇ ಅಂದಾಜು.

ಪ್ರಶ್ನೆ: ಈಜಿಪ್ಟಿನ ಜನಸಾಂದ್ರತೆ ಭಾರತಕ್ಕಿಂತ ಎಷ್ಟೋ ಕಡಿಮೆ. ಆದರೆ ಕೈರೋ ಚಿತ್ರ ನೋಡಿದ ಮಕ್ಕಳು ನಂಬುವುದಿಲ್ಲ. ಹೇಗೆ ವಿವರಿಸಲಿ?
– ಪ್ರೌಢಶಾಲಾ ಶಿಕ್ಷಕಿ, ಹಾಸನ

ಉತ್ತರ: ಮಕ್ಕಳ ಅನುಮಾನ ನ್ಯಾಯವಾದದ್ದೇ. ಈಜಿಪ್ಟಿನ ವಿಸ್ತೀರ್ಣ ಸುಮಾರು 10 ಲಕ್ಷ ಚ.ಕಿ.ಮೀ., ಜನ 10 ಕೋಟಿಗೂ ಹೆಚ್ಚು. ಭಾಗಿಸಿದರೆ ಚ.ಕಿ.ಮೀ.ಗೆ ನೂರು ಚಿಲ್ಲರೆ. ಆದರೆ ಶೇ. 95ರಷ್ಟು ಜನ ನೈಲ್ ಕಣಿವೆ ಮತ್ತು ಮುಖಜಭೂಮಿಯಲ್ಲಿ, ದೇಶದ ಶೇ. 5ರಷ್ಟು ನೆಲದಲ್ಲಿದ್ದಾರೆ. ಅಲ್ಲಿ ಲೆಕ್ಕ ಹಾಕಿದರೆ ಸುಮಾರು 2,000. ಉಳಿದದ್ದು ಮರಳುಗಾಡು, ಅದು ಸರಾಸರಿಯನ್ನು ಕೆಳಗೆ ಎಳೆಯುತ್ತದೆಯೇ ಹೊರತು ಯಾರಿಗೂ ಜಾಗ ಕೊಡುವುದಿಲ್ಲ. ಇಂಡೊನೇಷ್ಯಾದಲ್ಲಿ 2020ರ ಗಣತಿಯಂತೆ 27 ಕೋಟಿಯಲ್ಲಿ 15 ಕೋಟಿ ಜನ ಇದ್ದದ್ದು ಜಾವಾದಲ್ಲಿ, ಅಂದರೆ ದೇಶದ ಶೇ. 7ರಷ್ಟು ನೆಲದಲ್ಲಿ. ಚೀನಾದಲ್ಲಿ ಈಶಾನ್ಯದ ಹೈಹೆಯಿಂದ ನೈಋತ್ಯದ ತೆಂಗ್‌ಚೊಂಗ್‌ವರೆಗೆ ಭೂಪಟದಲ್ಲಿ ಓರೆಯಾಗಿ ಒಂದು ಗೆರೆ ಎಳೆಯಿರಿ. ಭೂಗೋಳತಜ್ಞ ಹು ಹುವಾನ್ಯೊಂಗ್ 1935ರಲ್ಲಿ ಎಳೆದ ಗೆರೆ ಅದು. ಇವತ್ತಿಗೂ ಶೇ. 90ಕ್ಕೂ ಹೆಚ್ಚು ಜನ ಅದರ ಪೂರ್ವಕ್ಕೇ ಇದ್ದಾರೆ. ಮಳೆ, ಮೆಕ್ಕಲು ಮಣ್ಣು, ಸಮತಟ್ಟು ನೆಲ ಇರುವ ಕಡೆ ಜನ.

ತರಗತಿಯಲ್ಲಿ ಮಾಡಿಸಲು ಒಂದು ಲೆಕ್ಕ. 2011ರ ಗಣತಿಯ ಎರಡು ಜಿಲ್ಲೆಗಳನ್ನು ತೆಗೆದುಕೊಳ್ಳಿ: ಬೆಂಗಳೂರು ನಗರ 96,21,551 ಜನ, 2,196 ಚ.ಕಿ.ಮೀ., ಸಾಂದ್ರತೆ 4,381. ಕೊಡಗು 5,54,519 ಜನ, 4,102 ಚ.ಕಿ.ಮೀ., ಸಾಂದ್ರತೆ 135. ಎರಡನ್ನೂ ಕೂಡಿಸಿ ಭಾಗಿಸಿದರೆ 1,616 ಬರುತ್ತದೆ. ಅಂಥ ದಟ್ಟಣೆ ಎರಡರಲ್ಲಿ ಯಾವ ಜಿಲ್ಲೆಯದೂ ಅಲ್ಲ! ಈಗ ಪ್ರತಿ ಜಿಲ್ಲೆಯ ಸಾಂದ್ರತೆಯನ್ನು ಅದರ ಜನಸಂಖ್ಯೆಯಿಂದ ಗುಣಿಸಿ, ಎರಡನ್ನೂ ಕೂಡಿಸಿ, ಒಟ್ಟು ಜನಸಂಖ್ಯೆಯಿಂದ ಭಾಗಿಸಲಿ. ಸುಮಾರು 4,150 ಬರುತ್ತದೆ. ಮೊದಲನೆಯದು ನೆಲದ ಸರಾಸರಿ, ಎರಡನೆಯದು ಜನರ ಸರಾಸರಿ. ಬಸ್ಸು, ನೀರು, ಆಸ್ಪತ್ರೆ ಹಾಸಿಗೆ ಎಷ್ಟು ಬೇಕೆಂದು ಯೋಚಿಸುವವರಿಗೆ ಬೇಕಾದದ್ದು ಎರಡನೆಯದು. ಪಠ್ಯದಲ್ಲಿ ಅದಕ್ಕೂ ಜಾಗ ಸಿಗಬೇಕು.

ತಪ್ಪಾಗುವುದು ಸಾಮಾನ್ಯವಾಗಿ ಗಡಿಯಲ್ಲಿ. 2011ರ ಬಳ್ಳಾರಿಯ ಸುಮಾರು 24.5 ಲಕ್ಷ ಜನರಲ್ಲಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಬಹುಪಾಲು ತಾಲ್ಲೂಕುಗಳವರೂ ಇದ್ದಾರೆ. ಆ ಜನಸಂಖ್ಯೆಯನ್ನು ಈಗಿನ ಬಳ್ಳಾರಿಯ ವಿಸ್ತೀರ್ಣದಿಂದ ಭಾಗಿಸಿದರೆ ಇಲ್ಲದ ದಟ್ಟಣೆ ಕಾಣುತ್ತದೆ. ಜನಸಂಖ್ಯೆ ಯಾವ ವರ್ಷದ್ದೋ ವಿಸ್ತೀರ್ಣವೂ ಅದೇ ವರ್ಷದ್ದಿರಲಿ.

ಪ್ರಶ್ನೆ: ಜಗತ್ತಿನ ಅತಿ ದೊಡ್ಡ ನಗರ ಟೋಕಿಯೊ ಎಂದು ಓದಿದ್ದೆವು. ಈಗ ಜಕಾರ್ತಾ ಎನ್ನುತ್ತಿದ್ದಾರೆ. ಇಷ್ಟು ಬೇಗ ಹೇಗೆ ಬೆಳೆಯಿತು?
– ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ, ಕಲಬುರಗಿ

ಉತ್ತರ: ಬೆಳೆದದ್ದಕ್ಕಿಂತ ಅಳತೆಗೋಲು ಬದಲಾದದ್ದು ಹೆಚ್ಚು. ವಿಶ್ವಸಂಸ್ಥೆಯ 2018ರ ವರದಿಯಲ್ಲಿ ಟೋಕಿಯೊ 3.7 ಕೋಟಿ, ಜಕಾರ್ತಾಗೆ ಅದರ ಆಡಳಿತ ಗಡಿಯೊಳಗಿನ ಸುಮಾರು ಒಂದು ಕೋಟಿ ಮಾತ್ರ. ಅಂಟಿಕೊಂಡೇ ಬೆಳೆದ ಬೋಗೋರ್, ಡೆಪೋಕ್, ಬೆಕಾಸಿ, ತಂಗೆರಾಂಗ್ ಹೊರಗುಳಿದಿದ್ದವು. 2025ರ ವರದಿ ಎಲ್ಲ ದೇಶಗಳಿಗೂ ಒಂದೇ ನಿಯಮ ಹಚ್ಚಿತು: ನೆಲವನ್ನು ಒಂದೊಂದು ಚ.ಕಿ.ಮೀ.ನ ಚೌಕಗಳಾಗಿ ಹಂಚಿ, ಕನಿಷ್ಠ 1,500 ಜನರಿರುವ ಅಕ್ಕಪಕ್ಕದ ಚೌಕಗಳನ್ನು ಸೇರಿಸುತ್ತ ಹೋಗುವುದು, ಒಟ್ಟು 50,000 ಆದರೆ ಅದು ನಗರ. ಹಾಗೆ ನೋಡಿದಾಗ ಜಕಾರ್ತಾ ಸುಮಾರು 4.2 ಕೋಟಿ, ಢಾಕಾ 3.7 ಕೋಟಿ, ಟೋಕಿಯೊ 3.3 ಕೋಟಿ. ಪರೀಕ್ಷೆಯಲ್ಲಿ ವರದಿಯ ವರ್ಷವನ್ನೂ ಬರೆಯಿರಿ.

ಭಾರತದ ನಿಯಮ ಬೇರೆ. ನಗರಸಭೆ, ಪುರಸಭೆಯಂಥ ಸ್ಥಳೀಯ ಸಂಸ್ಥೆ ಇಲ್ಲದ ಊರು ಗಣತಿಯಲ್ಲಿ ಪಟ್ಟಣ ಎನಿಸಿಕೊಳ್ಳಲು ಕನಿಷ್ಠ 5,000 ಜನ, ಚ.ಕಿ.ಮೀ.ಗೆ 400 ಸಾಂದ್ರತೆ, ಮುಖ್ಯ ದುಡಿಮೆಗಾರ ಗಂಡಸರಲ್ಲಿ ಶೇ. 75 ಮಂದಿ ಕೃಷಿಯೇತರ ಕೆಲಸದಲ್ಲಿರಬೇಕು. ಹೆಂಗಸರ ದುಡಿಮೆಯನ್ನು ಲೆಕ್ಕಕ್ಕೇ ಹಿಡಿಯದ ಈ ಮೂರನೇ ಷರತ್ತು ಬದಲಾಗಲೇಬೇಕು.

ಪ್ರಶ್ನೆ: 2001ರಿಂದ 2011ರ ನಡುವೆ ನಮ್ಮ ಜಿಲ್ಲೆಯ ಜನಸಂಖ್ಯೆ ಇಳಿಯಿತಂತೆ. ಮಕ್ಕಳೇ ಹುಟ್ಟಲಿಲ್ಲವೇ?
– ಗ್ರಾಮ ಪಂಚಾಯಿತಿ ಸದಸ್ಯರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: 11,40,905ರಿಂದ 11,37,961ಕ್ಕೆ ಇಳಿದದ್ದು ನಿಜ. ಅದೇ ದಶಕದಲ್ಲಿ ಬೆಂಗಳೂರು ನಗರ ಜಿಲ್ಲೆ ಶೇ. 47 ಏರಿತು. ಮಕ್ಕಳು ಹುಟ್ಟಿದ್ದಾರೆ, ಆದರೆ ಹುಟ್ಟಿನಲ್ಲಿ ಸಾವು ಕಳೆದು ಉಳಿದದ್ದಕ್ಕಿಂತ, ಹೊರಹೋದವರಲ್ಲಿ ಬಂದವರನ್ನು ಕಳೆದು ಉಳಿದದ್ದು ಹೆಚ್ಚು.

ಮುಂದಿನ ಜನಗಣತಿಯ ಲೆಕ್ಕ 2027ರ ಮಾರ್ಚ್ 1ಕ್ಕೆ ಇದ್ದಂತೆ. ನಿಮ್ಮೂರಿನವರಿಗೆ ಇದೊಂದನ್ನು ಮೊದಲೇ ತಿಳಿಸಿ: 2011ರ ಗಣತಿಯ ನಿಯಮದಂತೆ, ಎಣಿಕೆಯ ಅಷ್ಟೂ ದಿನ ಊರಿನಿಂದ ಹೊರಗಿರುವ ಮಗನನ್ನು ಊರ ಮನೆಯಲ್ಲಿ ಬರೆಸುವಂತಿಲ್ಲ, ಅವನು ಇರುವ ಕಡೆಯೇ ಎಣಿಸುತ್ತಾರೆ. ಹಾಸ್ಟೆಲಿನ ಮಕ್ಕಳನ್ನು ಹಾಸ್ಟೆಲಿನಲ್ಲೇ ಎಣಿಸುತ್ತಾರೆ. ಪ್ರೀತಿಗೆ ಎರಡೂ ಕಡೆ ಬರೆಸಿದರೆ ಒಬ್ಬನೇ ಇಬ್ಬರಾಗುತ್ತಾನೆ. ನಾಲ್ಕು ದಿನದ ಮಟ್ಟಿಗೆ ಮದುವೆಗೆಂದು ಹೋದವರನ್ನು ಮಾತ್ರ ಮನೆಯಲ್ಲೇ ಬರೆಸಬೇಕು.