ಉಬ್ಬಸ ಹೋಗಿದೆ ಅಂತ ಬರೆದುಕೊಡಿ ಮೇಡಂ

ಚಿಕ್ಕಂದಿನ ಉಬ್ಬಸ ಪೂರ್ತಿ ಹೋಗುತ್ತಾ? ಮಂಡ್ಯ ಕಡೆಯ ತಾಯಂದಿರು ಇದನ್ನು ಕೇಳುವುದು ಮಗಳ ಮದುವೆ ಮಾತು ಶುರುವಾದಾಗ. ಗಂಡುಮಕ್ಕಳಿಗಾಗಿ ಕೇಳಿಕೊಂಡು ಬಂದವರು ಅಪರೂಪ.

ತಾಯಿಯ ಜೊತೆ ಬಂದ ಈ ಹುಡುಗಿಗೆ (ಗುರುತು ಬದಲಿಸಿದ್ದೇನೆ) ಇಪ್ಪತ್ತೈದರ ಆಸುಪಾಸು. ಸಣ್ಣವಳಿದ್ದಾಗ ಆಲೆಮನೆ ಹೊಗೆ ತಾಗಿದರೆ ಸಾಕು, ಎದೆ ಗೊರಗೊರ ಅನ್ನುತ್ತಿತ್ತು. ಹೈದರಾಬಾದಿಗೆ ಕರೆದುಕೊಂಡು ಹೋಗಿ ಮೀನಿನ ಮದ್ದು ನುಂಗಿಸಿದ್ದರು. ಹೈಸ್ಕೂಲು ಮುಗಿಯುವ ಹೊತ್ತಿಗೆ ಉಬ್ಬಸ ನಿಂತಿತು. ಹೆಸರು ಮೀನಿಗೆ ಬಂತು. ಆ ವಯಸ್ಸಿಗೆ ಎಷ್ಟೋ ಮಕ್ಕಳಿಗೆ ತಾನಾಗಿಯೇ ನಿಲ್ಲುತ್ತದೆ, ಇರಲಿ.

"ಹೋಗಿದೆ ಅಂತ ಒಂದು ಚೀಟಿ ಬರೆದುಕೊಡಿ ಮೇಡಂ. ಹತ್ತು ವರ್ಷದಿಂದ ಒಂದು ದಿನ ಕೆಮ್ಮಿಲ್ಲ ಇವಳು."

ನಾನು ಡಾಕ್ಟರಲ್ಲ ಅಂದೆ. ಅಲ್ಲಿಯವರೆಗೆ ಸುಮ್ನಿದ್ದ ಮಗಳು ಬ್ಯಾಗಿನಿಂದ ನೀಲಿ ಪಂಪ್ (ಉಬ್ಬಸದ ಇನ್‌ಹೇಲರ್) ತೆಗೆದು ಮೇಜಿನ ಮೇಲಿಟ್ಟಳು.

"ಎರಡು ವರ್ಷದಿಂದ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಎಳ್ಕೊಳ್ತಿದ್ದೀನಮ್ಮ. ಅವರ ಮನೆಯಲ್ಲೂ ಹೀಗೇ ಮಾಡ್ಬೇಕಾ?"

ತಾಯಿ ಕೇಳಿದ್ದು, "ಯಾರಾದ್ರೂ ನೋಡಿದ್ರಾ?"

ನನಗೆ ಸಿಟ್ಟು ಬಂತು. ಆದರೆ ಅವರ ಭಯವೂ ಸುಳ್ಳಲ್ಲ, ಉಬ್ಬಸದ ಹುಡುಗಿ ಅಂತ ಮುರಿದ ಸಂಬಂಧಗಳನ್ನು ನಾನೂ ನೋಡಿದ್ದೇನೆ.

ಉಬ್ಬಸ ಹೋಗುವುದೂ ಉಂಟು, ಮರಳುವುದೂ ಉಂಟು. ನ್ಯೂಜಿಲೆಂಡಿನ ಡನೀಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ ಮಕ್ಕಳನ್ನು 26ನೇ ವಯಸ್ಸಿನವರೆಗೂ ಗಮನಿಸಿದರು. ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ ಬಾಲ್ಯದ ವೀಸಿಂಗ್ (ಉಸಿರಾಡುವಾಗ ಎದೆ ಸುಂಯ್ ಅನ್ನುವುದು) ಹಾಗೇ ಉಳಿದಿತ್ತು, ಇಲ್ಲವೇ ನಿಂತು ಮತ್ತೆ ಬಂದಿತ್ತು. ಕೆಮ್ಮು ನಿಂತರೂ ಉಸಿರುನಾಳ ಸೂಕ್ಷ್ಮವಾಗಿಯೇ ಇರಬಹುದು. ನೆಗಡಿ, ಧೂಳು, ಹೊಗೆ ಅದನ್ನು ಕೆಣಕುತ್ತವೆ.

ಮೈಸೂರಿನಲ್ಲೇ ಶ್ವಾಸಕೋಶದ ಡಾಕ್ಟರನ್ನು ಕಂಡು ಸ್ಪೈರೋಮೆಟ್ರಿ, ಅಂದರೆ ಕೊಳವೆಗೆ ಊದಿಸಿ ಉಸಿರು ಅಳೆಯುವ ಪರೀಕ್ಷೆ, ಮಾಡಿಸಿ ಅಂದೆ. ಒಂದು ಸಲ ನಾರ್ಮಲ್ ಬಂದರೆ ಆಸ್ತಮಾ ಇಲ್ಲ ಅಂತಲ್ಲ. ನೀಲಿ ಪಂಪ್ ಬಿಗಿದ ನಾಳವನ್ನು ಸಡಿಲಿಸುತ್ತದೆ ಅಷ್ಟೇ. ಒಳಗಿನ ಊತಕ್ಕೆ ಬೇರೆ ಇನ್‌ಹೇಲರ್ ಬೇಕು. ಮತ್ತೆ, ನಿಶ್ಚಿತಾರ್ಥಕ್ಕೆ ಮುಂಚೆ ಹುಡುಗನಿಗೆ ಅವಳೇ ಹೇಳಲಿ.

ಮದುವೆ ತಪ್ಪಿಸುವ ಸಲಹೆ ಇದು ಅಂತ ಹುಡುಗಿಯ ಮನೆಯವರು ಬೈದರು. ಬೈಯಲಿ. ಗುಟ್ಟು ಮಾಡುವವಳು ಔಷಧಿಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಲ್ಲ. ನಾಳೆ ಬಸುರಿಯಾದರೆ ಮಗುವಿಗೆ ಇನ್‌ಹೇಲರ್‌ಗಿಂತ ಹತೋಟಿ ತಪ್ಪಿದ ಉಬ್ಬಸವೇ ಹೆಚ್ಚು ಅಪಾಯ.

ಅವಳು ಹೇಳಿದಳು. ಹುಡುಗ ಒಪ್ಪಿದ್ದಾನೆ, ಅವನ ತಾಯಿ ಇನ್ನೂ ಒಪ್ಪಿಲ್ಲ. ಇವಳಿಗೆ ಡಾಕ್ಟರು ದಿನಾ ಎಳೆದುಕೊಳ್ಳುವ ಇನ್‌ಹೇಲರ್ ಕೊಟ್ಟಿದ್ದಾರೆ. ಅದು ಅಭ್ಯಾಸವಾಗಿಬಿಡುತ್ತೆ ಅಂತ ಮನೆಯಲ್ಲಿ ಈಗ ಹೊಸ ಜಗಳ.